ಮಗ್ಗ ನಿಲ್ಲಿಸದ ಬೆಳಗು

ಇಳಕಲ್ಲಿನ ನಮ್ಮ ಓಣಿಯಲ್ಲಿ ಯಾರಾದರೂ ತೀರಿಕೊಂಡರೆ ಮಣ್ಣು ಮುಗಿಯುವವರೆಗೆ ಯಾರೂ ಮಗ್ಗ ಆಡಿಸುತ್ತಿರಲಿಲ್ಲ. ಮೊದಲು ಒಂದು ಮನೆಯ ಮಗ್ಗ ನಿಲ್ಲುತ್ತಿತ್ತು, ಆಮೇಲೆ ಪಕ್ಕದ್ದು, ಆಮೇಲೆ ಎದುರಿನದು. ಸದ್ದು ಪೂರ್ತಿ ಅಡಗುವ ಹೊತ್ತಿಗೆ ಕಾಕಾ ಚಪ್ಪಲಿ ಮೆಟ್ಟಿ ಹೊರಗೆ ಬಂದಿರುತ್ತಿದ್ದರು. “ಯಾರ ಮನ್ಯಾಗ?” ಎಂದು ಕೇಳುತ್ತಿದ್ದರು.

ಕಾಕಾ ಎಂದು ಕರೆಯುತ್ತಿದ್ದೆವಾದರೂ ಅವರು ನಮ್ಮ ಬಂಧುವಲ್ಲ. ಊರಿನ ದೊಡ್ಡ ಸೀರೆ ವ್ಯಾಪಾರಿ. ಬಾಗಲಕೋಟೆಯಲ್ಲೂ ಅಂಗಡಿ ಇತ್ತು. ಮನೆ ಮಾತ್ರ ನಮ್ಮ ಮನೆಯ ಎದುರಿಗೆ, ನೇಕಾರರ ನಡುವೆ. ತೊಂಬತ್ತರ ದಶಕದ ಕೊನೆಗೆ ಪವರ್‌ಲೂಮ್ ಸೀರೆ ಅಗ್ಗಕ್ಕೆ ಬಂದು, ಕೈಮಗ್ಗದವರು ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಗೆ ಮಣ್ಣು ತುಂಬಿ ಮುಚ್ಚತೊಡಗಿದಾಗಲೂ ಅವರು ನಮ್ಮ ಓಣಿಗೆ ನೂಲು ಕೊಡುವುದನ್ನು ನಿಲ್ಲಿಸಲಿಲ್ಲ. ಹೆರಿಗೆ ದವಾಖಾನೆ ಕಟ್ಟಿಸಿದರು. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಮನೆಯೊಂದನ್ನು ಬಾಡಿಗೆಗೆ ಹಿಡಿದು, ಕಾಲೇಜಿಗೆ ಹೋಗುವ ನೇಕಾರರ ಹೆಣ್ಣುಮಕ್ಕಳಿಗೆ ಊಟ-ವಸತಿ ಮಾಡಿಕೊಟ್ಟರು. ನಾನು ಓದಿದ್ದು ಅಲ್ಲಿದ್ದುಕೊಂಡೇ.

ಸಭೆಗಳಲ್ಲಿ ಇದನ್ನೆಲ್ಲ ಹೇಳುತ್ತಾರೆ. ಓಣಿಯವರು ನೆನೆಯುವುದು ಇನ್ನೊಂದನ್ನು. ಒಲೆ ಹೊತ್ತಿಸದ ಸಾವಿನ ಮನೆಗೆ ರೊಟ್ಟಿ-ಪಲ್ಯ ಅವರ ಮನೆಯಿಂದ ಬರುತ್ತಿತ್ತು. ಹೆಣ ಯಾವ ಮನೆಯದಾದರೂ ಚಟ್ಟಕ್ಕೆ ಅವರು ಹೆಗಲು ಕೊಡುತ್ತಿದ್ದರು.

ನನ್ನ ಅಪ್ಪ ಅವರ ಜೊತೆ ಸಾಲಿ ಕಲಿತವನು, ಅವರಿಗಾಗಿಯೇ ನೇಯ್ದವನು. ಎಳೆ ಬಿಗಿಯಾಗಿ ಕೂರಲೆಂದು ಪ್ರತಿ ಎಳೆಗೂ ಹಣಿಗೆಯಿಂದ ಎರಡು ಪೆಟ್ಟು ಹಾಕುತ್ತಿದ್ದ: ಮೊದಲನೆಯದು ಜೋರು, ಎರಡನೆಯದು ಮೆಲ್ಲಗೆ. ಉಳಿದವರೆಲ್ಲ ಒಂದೇ ಪೆಟ್ಟಿನವರು.

“ಲೇ, ನೀ ಹಿಂಗ ಎರಡೆರಡು ಪೆಟ್ಟು ಹಾಕ್ಕೋತ ಕುಂತ್ರ, ಸೀರಿ ಮುಗಿಯೂದರಾಗ ಉಡಾಕಿ ಮುದುಕಿ ಆಗಿರ್ತಾಳ,” ಎಂದು ಕಾಕಾ ಕಿಟಕಿಯಿಂದ ಕೆಣಕುತ್ತಿದ್ದರು.

“ನನ್ನ ಸೀರಿ ಹರದು ವಾಪಸ್ ಬಂದಿದ್ದು ಒಂದರ ತೋರ್ಸಲೇ, ಸಾವ್ಕಾರ,” ಎನ್ನುತ್ತಿದ್ದ ಅಪ್ಪ.

ಒಮ್ಮೆ ಯಾರದೋ ಮಣ್ಣು ಮುಗಿಸಿ ಬರುವಾಗ ಕಾಕಾ ನಮ್ಮ ಕಟ್ಟೆಯ ಮೇಲೆ ಕುಳಿತು, “ನೀ ಮೊದಲ ಹೋದ್ರ ನಾ ಹೆಗಲ ಕೊಡ್ತೇನಿ. ನಾ ಹೋದ್ರ?” ಎಂದರು.

“ನಿನ್ನ ಹೊಟ್ಟಿ ಯಾರ ಹೊರಬೇಕು? ಟ್ರ್ಯಾಕ್ಟರ್ ತರಸ್ತೇನಿ.”

ಇಬ್ಬರೂ ಕೆಮ್ಮು ಬರುವವರೆಗೆ ನಕ್ಕಿದ್ದರು.

ಕೆಲವು ವರ್ಷಗಳ ನಂತರ ಕಾಕಾಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋದವು, ಮಾತು ತೊದಲಿತು. ಬೀದಿಯ ಕಿಟಕಿಯ ಪಕ್ಕ ಮಂಚ ಹಾಕಿಸಿಕೊಂಡು ಮಗ್ಗದ ಸದ್ದು ಕೇಳುತ್ತ ಮಲಗಿರುತ್ತಿದ್ದರು. ಆಘಾತವಾಗುವಂಥ ಸುದ್ದಿ ಕಿವಿಗೆ ಬೀಳಬಾರದು ಎಂದು ಬಾಗಲಕೋಟೆಯ ಡಾಕ್ಟರು ಹೇಳಿದ್ದರು.

ಆ ಬೇಸಿಗೆಯಲ್ಲಿ ಅಪ್ಪ ಹೋದ. ರಾತ್ರಿ ಉಂಡು ಮಲಗಿದವನು ಬೆಳಗ್ಗೆ ಏಳಲಿಲ್ಲ. ಕಮತಗಿಯಲ್ಲಿ ಶಿಕ್ಷಕಿಯಾಗಿದ್ದ ನಾನು ರಜೆಗೆಂದು ಊರಿಗೆ ಬಂದಿದ್ದೆ. ನಮಗೆ ಇನ್ನೂ ಅಳು ಬಂದಿರಲಿಲ್ಲ, ಅಷ್ಟರಲ್ಲಿ ಸುದ್ದಿ ತಿಳಿದು ಎದುರುಮನೆಯ ಕಾಕು, ಕಾಕಾನ ಹೆಂಡತಿ, ಅವರ ಕಿಟಕಿಗೆ ಕಾಣದಂತೆ ಹಿತ್ತಲ ಬಾಗಿಲಿನಿಂದ ಬಂದರು. ಅವ್ವನ ಮುಂದೆ ನೆಲಕ್ಕೆ ಕುಳಿತರು.

“ವೈನಿ, ಕಾಲ ಹಿಡೀತೇನ್ರಿ. ಇವತ್ತ ಮಗ್ಗ ನಿಲ್ಲಸಬ್ಯಾಡ್ರಿ. ನಿಂತ್ರ ಅವ್ರು ಕೇಳ್ತಾರ. ನಿಮ್ಮ ಮನ್ಯಾಗ ಅಂತ ತಿಳದ್ರ ಅವ್ರು ಉಳ್ಯಾಂಗಿಲ್ಲ.”

“ಅಪ್ಪನ ಹೆಣ ಮನ್ಯಾಗ ಇಟ್ಕೊಂಡು ಮಗ್ಗ ಆಡಸೂದೇನ್ರಿ?” ಎಂದ ಅಣ್ಣ.

ಹೆಗಲಿನ ಮಾತು ನನಗೆ ನೆನಪಾಯಿತು. ಅವ್ವನಿಗೂ ಆಗಿರಬೇಕು. ತಿಳಿಸಿದರೆ ಕಾಕಾನ ಜೀವಕ್ಕೆ ಅಪಾಯ. ತಿಳಿಸದಿದ್ದರೆ ಅಪ್ಪ ಆ ಹೆಗಲಿಲ್ಲದೆ ಹೋಗಬೇಕು. ಅವ್ವ ಬಹಳ ಹೊತ್ತು ಅಪ್ಪನ ಮುಖ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, “ಹೋಗು, ಕುಣಿಯಾಗ ಇಳಿ,” ಎಂದಳು. ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು.

ಓಣಿಯ ಮನೆಮನೆಗೂ ಹೇಳಿಕಳಿಸಿದೆವು. ಎಲ್ಲರೂ ಮಗ್ಗಕ್ಕೆ ಕುಳಿತರು. ನಾನು ಮುಂದಿನ ಕೋಣೆಯ ಕುಣಿಗೆ ಇಳಿದೆ. ಅಪ್ಪ ಹಿಂದಿನ ಸಂಜೆ ಬಿಟ್ಟಿದ್ದ ಹಸಿರು ಸೀರೆ ಹಾಗೆಯೇ ಇತ್ತು. ಲಾಳಿ ಎಸೆದು, ಅವನ ಹಾಗೆಯೇ ಎರಡೆರಡು ಪೆಟ್ಟು ಹಾಕಿದೆ. ನಾಲ್ಕು ಬೆರಳಿನಷ್ಟು ನೇಯ್ದಿರಬಹುದು. ಹಿತ್ತಲಿನಲ್ಲಿ ಅಪ್ಪನಿಗೆ ನೀರು ಹಾಕುವ ಸದ್ದು ಕೇಳಿತು. ಅಲ್ಲಿಂದ ಮುಂದೆ ನನ್ನ ಕೈಯಿಂದ ಎರಡನೆಯ ಪೆಟ್ಟು ಬೀಳಲಿಲ್ಲ. ಅದು ಆಗ ನನಗೆ ಗೊತ್ತಾಗಲೂ ಇಲ್ಲ.

ಕಾಕು ಈ ಸಲ ಮುಂಬಾಗಿಲಿನಿಂದಲೇ ಬಂದರು.

“ಸಾಕು ತಂಗಿ, ಏಳು. ಒಂದ ಪೆಟ್ಟು ಬೀಳಾಕತ್ತೈತಿ ಅಂದ್ರು ಅವ್ರು. ಅವಾ ಹೋದಾ ಅಂದ್ರು.”

ನಾನು ಕೈ ಬಿಟ್ಟೆ. ಪಕ್ಕದ ಮಗ್ಗ ನಿಂತಿತು. ಆಮೇಲೆ ಅದರಾಚೆಯದು. ಅವ್ವ ಬಾಯಿಂದ ಸೆರಗು ತೆಗೆದಳು.

ಚಟ್ಟ ಎತ್ತುವ ಹೊತ್ತಿಗೆ ಕಾಕಾನನ್ನು ಕುರ್ಚಿಯಲ್ಲಿ ಹೊತ್ತು ತಂದು ಬೀದಿಯಲ್ಲಿ ಕೂರಿಸಿದ್ದರು. ಹೊತ್ತವರು ಅವರ ಮುಂದೆ ಮೊಣಕಾಲು ಬಗ್ಗಿಸಿ ಚಟ್ಟ ಇಳಿಸಿದರು. ಚಟ್ಟದ ಬಿದಿರ ಗಳ ಅವರ ಎಡಹೆಗಲಿಗೆ ತಾಗಿತು. ಅವರು ಎಡಗೈಯಿಂದ ಅದನ್ನು ಹಿಡಿದುಕೊಂಡರು. ಬಿಡುತ್ತಾರೆಂದು ಎಲ್ಲರೂ ಕಾದರು. ಕೊನೆಗೆ ಅವರೇ, “ನಡೀರಿ,” ಎಂದರು. ಆ ಮಾತು ಮಾತ್ರ ತೊದಲಲಿಲ್ಲ.

ಅಂದಿನಿಂದ ಅವರ ಊಟ ಕಡಿಮೆಯಾಗುತ್ತ ಬಂತು. ಚಳಿಗಾಲ ಮುಗಿಯುವ ಮೊದಲೇ ತೀರಿಕೊಂಡರು. ಅಪ್ಪನ ಸುದ್ದಿಯೇ ಕಾರಣವೋ, ಕಾಯಿಲೆಯೋ, ನಾನು ಹೇಳಲಾರೆ. ಹುನಗುಂದ, ಬಾಗಲಕೋಟೆಯಿಂದಲೂ ಜನ ಬಂದಿದ್ದರು. ಹೆಗಲು ಕೊಡಲು ನೂಕಾಟವಾಗಿ ನನ್ನ ಅಣ್ಣನಿಗೆ ಸರದಿಯೇ ಸಿಗಲಿಲ್ಲ.

ಅಪ್ಪನ ಮಗ್ಗದಲ್ಲಿದ್ದ ಸೀರೆಯನ್ನು ಅಣ್ಣ ನೇಯ್ದು ಮುಗಿಸಿದ್ದ. ನಾವು ಅದನ್ನು ಮಾರಿರಲಿಲ್ಲ. ಒಂದು ಮಧ್ಯಾಹ್ನ ಕಾಕು ಬಂದು, ನೋಡಬೇಕು ಎಂದರು. ಮಡಿಲಲ್ಲಿ ಬಿಡಿಸಿಕೊಂಡು, ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಬಟ್ಟೆಯನ್ನು ಸವರುತ್ತ ಹೋದರು. ನೇಯ್ಗೆ ಸಡಿಲಾಗುವಲ್ಲಿ ಬೆರಳು ನಿಂತಿತು.

“ಇಲ್ಲೇ,” ಎಂದರು. “ಅವ್ರಿಗೆ ತಿಳದಿದ್ದು ಇಲ್ಲೇ.”

ಬಹಳ ಹೊತ್ತು ಅಲ್ಲಿಂದ ಬೆರಳು ತೆಗೆಯಲಿಲ್ಲ.