ಮಂಚದ ಕೆಳಗಿನವನ ಚಹಾ

ಮಧ್ಯಾಹ್ನದ ನಿದ್ದೆಯಿಂದ ಎದ್ದ ಕೂಡಲೇ ನಾನು ಮಂಚದ ಕೆಳಗೆ ಒಮ್ಮೆ ಬಗ್ಗಿ ನೋಡುತ್ತೇನೆ. ಈ ಚಟಕ್ಕೆ ಕಾರಣ ಕಳ್ಳರ ಭಯವಲ್ಲ. ನಾನೇ ಸಂಭಾಷಣೆ ಬರೆದು ಮುಳುಗಿಸಿದ ಒಂದು ಸಿನಿಮಾ.

ಹೊರಗೆ ತೆಲುಗು, ಒಳಗೆ ಕಲಬುರಗಿಯ ಕನ್ನಡ ಮಾತಾಡಿಕೊಂಡು ಹೈದರಾಬಾದಿನ ಕುಷಾಯಿಗೂಡದಲ್ಲಿ ಬದುಕಿದವನು ನಾನು. ಎರಡೂ ಭಾಷೆ ಬರುತ್ತದೆಂಬ ಒಂದೇ ಅರ್ಹತೆಯ ಮೇಲೆ ಮಿಯಾಪುರದ ನಿರ್ಮಾಪಕರೊಬ್ಬರು ನನ್ನನ್ನು ಹಿಡಿದರು. ತೆಲುಗಿನಲ್ಲಿ ಭರ್ಜರಿಯಾಗಿ ಓಡಿದ ಪೋಲಿ ಹಾಸ್ಯಚಿತ್ರವೊಂದನ್ನು ಕನ್ನಡದಲ್ಲಿ ಮತ್ತೆ ತೆಗೆಯುವ ಹುಕಿ ಅವರದು. ಗಂಡ ಊರಿಗೆ ಹೋದ ಮನೆಗೆ ಒಬ್ಬ ರಸಿಕ ಬರುತ್ತಾನೆ, ಗಂಡ ಹಠಾತ್ತನೆ ಮರಳುತ್ತಾನೆ, ರಸಿಕ ಮಂಚದ ಕೆಳಗೆ ಸೇರುತ್ತಾನೆ. ಆಮೇಲೆ ಬೀಳುವುದು, ಏಳುವುದು, ಲುಂಗಿ ಕಳಚುವುದು. ಹೆಂಡತಿ ಶಾಂತಾಳಿಗೆ ಸಂಸಾರದ ಕಥೆ ಎಂದಷ್ಟೇ ಹೇಳಿದ್ದೆ. ಪೂರ್ತಿ ಸುಳ್ಳೇನಲ್ಲ, ಅದು ಬೇರೆಯವರ ಸಂಸಾರ.

ಬರೆಯಲು ಕೂತರೆ ಕೈ ಓಡಲಿಲ್ಲ. ಮನೆಗೆ ಬಂದವರನ್ನು ಚಹಾ ಕೊಡದೆ ಕಳಿಸಿ ನಮಗೆ ಗೊತ್ತಿಲ್ಲ. ಯಾವ ಉದ್ದೇಶಕ್ಕೆ ಬಂದರು ಎನ್ನುವುದು ಆಮೇಲಿನ ಮಾತು. ಹಾಗಾಗಿ ಗಂಡ ಬಾಗಿಲು ಬಡಿಯುತ್ತಿರುವಾಗಲೂ ನನ್ನ ನಾಯಕಿ ಒಲೆಯ ಮೇಲೆ ನೀರಿಟ್ಟಳು. ಮಂಚದ ಕೆಳಗೆ ಕಪ್ಪು ಸರಿಸಿ, ಸಕ್ಕರೆ ಸಾಕೇ ಎಂದು ಪಿಸುಗುಟ್ಟಿದಳು. ಅವನೂ ಊದಿ ಊದಿ ಕುಡಿದ. ಕನ್ನಡ ಬಾರದ ನಿರ್ದೇಶಕರು ಹಾಳೆಯಲ್ಲಿದ್ದುದನ್ನು ನಂಬಿ ಹಾಗೇ ಚಿತ್ರೀಕರಿಸಿದರು. ಮೂಲದಲ್ಲಿ ಜನ ಹೊಟ್ಟೆ ಹಿಡಿದು ನಕ್ಕ ಜಾಗದಲ್ಲಿ ನಮ್ಮವರು ಚಹಾ ಸೋಸುತ್ತಿದ್ದರು.

ಸಿನಿಮಾ ಮಲಗಿತು. ಹೈದರಾಬಾದಿನಲ್ಲಿ ಸಿಕ್ಕಿದ್ದು ಒಂದೇ ಮ್ಯಾಟಿನಿ. ಪರದೆಯ ಮೇಲೆ ನನ್ನ ಹೆಸರು ನೋಡಬೇಕೆಂದು ಶಾಂತಾ ಇಳಕಲ್ ಸೀರೆ ಉಟ್ಟು ಹೊರಟಳು. ಇಷ್ಟು ವರ್ಷ ಅವಳೆದುರು ಉಳಿಸಿಕೊಂಡ ಮರ್ಯಾದೆ ಎರಡು ಗಂಟೆಯಲ್ಲಿ ಹೋಗುವುದಿತ್ತು. ಒಳಗೆ ಏಳೆಂಟು ಜನ, ತಣ್ಣನೆಯ ಕತ್ತಲೆ. ಪರದೆಯಲ್ಲಿ ಎಲ್ಲರೂ ಕನಸಿನಲ್ಲಿ ಬಿದ್ದಂತೆ ಮೆಲ್ಲಗೆ ಬೀಳುತ್ತಿದ್ದರು, ಯಾರಿಗೂ ಪೆಟ್ಟಾಗುತ್ತಿರಲಿಲ್ಲ, ಯಾರೂ ನಗುತ್ತಿರಲಿಲ್ಲ. ಇದು ಬೇರೆ ಯಾರದೋ ಸಿನಿಮಾ ಆಗಿರಲಿ ಎಂದು ನಾನು ಅರೆನಿದ್ದೆಯಲ್ಲಿ ಬೇಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಚಹಾದ ಕಪ್ಪು ಮಂಚದ ಕೆಳಗೆ ಸರಿಯಿತು. ಇಡೀ ಥಿಯೇಟರಿನಲ್ಲಿ ಒಬ್ಬರೇ ನಕ್ಕರು, ನನ್ನ ಪಕ್ಕದಲ್ಲಿ.

ಆಟೋದಲ್ಲಿ ಬೈಗುಳಕ್ಕೆ ಕಾಯುತ್ತ ಕೂತೆ. ಮನೆ ಹತ್ತಿರ ಬಂದಾಗ ಅವಳು ಬಾಯಿ ಬಿಟ್ಟಳು.

“ಉಳದದ್ದೆಲ್ಲಾ ಹೊಲಸ ಐತ್ರಿ. ಆದ್ರ ಆ ಚಹಾ ನೀವ ಬರದೀರಿ. ಗೊತ್ತಾತು ನನಗ.”

ನಿರ್ಮಾಪಕರು ಮತ್ತೆ ಕರೆಯಲಿಲ್ಲ. ನನಗೆ ಅದರ ದುಃಖವೂ ಆಗಲಿಲ್ಲ. ಮಧ್ಯಾಹ್ನದ ಜೊಂಪಿನಲ್ಲಿ ಮಾತ್ರ ಆ ಬಡಪಾಯಿ ರಸಿಕ ಇನ್ನೂ ಅಲ್ಲೇ ಮುದುರಿಕೊಂಡು ಕಾಯುತ್ತಿದ್ದಾನೆ ಅನ್ನಿಸುತ್ತದೆ. ನಿನ್ನೆಯೂ ಬಗ್ಗಿ ನೋಡುತ್ತಿದ್ದೆ. ಅಡುಗೆಮನೆಯಿಂದ ಶಾಂತಾಳ ದನಿ ಬಂತು.

“ಅಂವ ಇದ್ರ ಹೊರಗ ಕರೀರಿ. ಮೂರು ಕಪ್ಪ ಇಟ್ಟೀನಿ.”