ಧರ್ಮಪುರಿ ಬಸ್‌ಸ್ಟ್ಯಾಂಡಿನ ಸರ್ಕಾರಿ ಕೂಟು

ಸ್ನೇಹಿತರೇ, ನನಗಿನ್ನೂ ನಗು ನಿಂತಿಲ್ಲ. ಧರ್ಮಪುರಿ ಬಸ್‌ಸ್ಟ್ಯಾಂಡಿನ ಹೊಸ ತಂಗುದಾಣದ ಮೇಲೆ ತಮಿಳಿನಲ್ಲಿ 'ಅರಸು–ತನಿಯಾರ್ ಕೂಟ್ಟು ಮುಯರ್ಚಿ' ಎಂದು ಬೋರ್ಡಿದೆ. ಸರ್ಕಾರ ಮತ್ತು ಖಾಸಗಿಯವರ ಸಹಭಾಗಿತ್ವ ಎಂದರ್ಥ; ತಮಿಳಿನ 'ಕೂಟ್ಟು' ಅಂದರೆ ಇಲ್ಲಿ ಜಂಟಿ. ನಮ್ಮತ್ತೆಗೆ ಕೂಟು ಎಂದರೆ ಸೋರೆಕಾಯಿ ಕೂಟು ಒಂದೇ.

"ಗೌರ್ಮೆಂಟೇ ಕೂಟು ಇಕ್ತೈತಂತೆ, ಬಾಮ್ಮಾ!" ಎಂದು ಒಳಗೆ ನುಗ್ಗಿದರು.

ಒಳಗೆ ಬೆಂಚೇ ಇಲ್ಲ, ಬರೀ ಅಂಗಡಿಗಳು. ತಂಗುದಾಣದ ಗುತ್ತಿಗೆ ಹಿಡಿದ ಕಾಂಟ್ರಾಕ್ಟರು ನಮ್ಮ ಭಾಷೆಯವನೇ. "ಕುಂತ್ಕೋಬೇಕಂದ್ರೆ ಬೋಂಡಾ ತಗೋಬೇಕು ಅಕ್ಕಾ," ಅಂದ. ತಪಾಸಣೆಗೆ ಬಂದಿದ್ದ ಅಧಿಕಾರಿಗೆ ಮಾತ್ರ ಕುರ್ಚಿ, ಕಾಫಿ, ಕೈಗೊಂದು ದಪ್ಪ ಕವರು. ಆತ ಸುತ್ತ ಕಣ್ಣು ಹಾಯಿಸದೆಯೇ "ಎಲ್ಲಾಂ ಸರಿ" ಎಂದುಬಿಟ್ಟ.

ಅತ್ತೆ ಕೂಗಿದರು: "ಕೂಟು ಇಲ್ಲೈತೆ ಕಣಮ್ಮಾ, ಇವರಿಬ್ರೇ ಉಣ್ತಾವ್ರೆ!"

ಅಧಿಕಾರಿಗೆ ಕಾಫಿ ನೆತ್ತಿಗೇರಿತು. ನೆತ್ತಿ ತಟ್ಟಲು ಓಡಿಬಂದವನು ಕಾಂಟ್ರಾಕ್ಟರೇ. ಸಹಭಾಗಿತ್ವ ಅಂದರೆ ಇದಪ್ಪಾ!