ಗುಜರಿಗೆ ಹೋದ ಗಾಡಿಗೆ ಬಂದ ಕರೆ

ಹಳೆಯ ಕಾರು ಕೊಂಡು ಮಾರುವುದು ನನ್ನ ಕಸುಬು. ಹೈದರಾಬಾದಿನ ಕೋಠಿಯಲ್ಲಿ ಕಂಡವರ ಕಾರು ತೊಳೆಯುತ್ತಿದ್ದವನು ದಿಲ್‌ಸುಖ್‌ನಗರದಲ್ಲಿ ಸ್ವಂತ ಅಂಗಡಿ ಹಾಕಿದ್ದು ಬರೀ ಬಾಯಿಯ ಬಲದಿಂದ. ಕೊಳ್ಳುವವನು ಬಾಗಿಲು ತೆಗೆದು ಸೀಟಿನಲ್ಲಿ ಕೂರುವ ರೀತಿ ನೋಡಿಯೇ ಅವನು ಯಾವ ಬೆಲೆಗೆ ಬಂದು ನಿಲ್ಲುತ್ತಾನೆಂದು ಹೇಳಬಲ್ಲೆ. ಆದರೆ ನನ್ನ ಅಕ್ಕನಿಗೆ ಬೇಕಾಗಿದ್ದ ಒಂದು ಮಾತನ್ನು ಕೊಡಿಸಲು ನನ್ನಿಂದ ಆಗಲಿಲ್ಲ.

ಭಾವ ತೀರಿಕೊಂಡದ್ದು ಹಾಡಹಗಲಲ್ಲಿ. ಬೀದರಿನಲ್ಲಿ ಮದುವೆಯೂಟ ಮುಗಿಸಿ ಹೈದರಾಬಾದಿಗೆ ಮರಳುವಾಗ, ಜಹೀರಾಬಾದ್ ದಾಟಿದ ಮೇಲೆ ಒಂದು ತಿರುವಿನಲ್ಲಿ ಕಾರು ತಿರುಗದೆ ನೇರ ಹೋಗಿ ಬೇವಿನ ಮರಕ್ಕೆ ಬಡಿಯಿತು. ಪಕ್ಕದಲ್ಲಿದ್ದ ಅಕ್ಕನ ಕೈ ಮುರಿಯಿತು, ಜೀವ ಉಳಿಯಿತು.

"ಸ್ಟಿಯರಿಂಗ್ ಬಿಗಿ ಆತಲ್ಲ ಅಂದ್ರು. ಎರಡೂ ಕೈಲೆ ತಿರುವಿದ್ರು, ತಿರುಗಲಿಲ್ಲ" ಎಂದು ಆಸ್ಪತ್ರೆಯಲ್ಲೇ ಹೇಳಿದಳು. ಪೊಲೀಸರು ನಿದ್ದೆಯ ಮಂಪರು ಎಂದು ಬರೆದುಕೊಂಡರು. ಮದುವೆಗೆ ಬಂದು ಆ ದಿನ ಬೀದರಿನಲ್ಲೇ ಉಳಿದಿದ್ದ ಅವಳ ಅತ್ತೆಯೂ ಅದನ್ನೇ ಹಿಡಿದರು.

"ಹೋಳಿಗಿ ಉಂಡಿ, ಒಂದು ಗಳಿಗಿ ಅಡ್ಡಾಗು ಅಂದೆ ನಾ. ಈಕಿಗೆ ಅವಸರ. ನಾಳೆ ಆಫೀಸ್ ಐತಿ ಅಂತ ಎಬ್ಬಿಸ್ಕೊಂಡು ಹೊಂಟ್ಲು."

ಮಾತಾಡಿಸಲು ಬಂದವರಿಗೆಲ್ಲ ಅವರು ಇದನ್ನು ಹೇಳುತ್ತಿದ್ದರು. ಅದೇ ಕೋಣೆಗೆ ಅಕ್ಕ ಪ್ಲಾಸ್ಟರ್ ಹಾಕಿದ ಕೈಯಲ್ಲೇ ಚಹಾ ತಂದಿಡುತ್ತಿದ್ದಳು. ಸ್ಟಿಯರಿಂಗಿನ ಮಾತನ್ನು ಮತ್ತೆ ಎತ್ತಲಿಲ್ಲ. ಎತ್ತಿದರೆ, ತನ್ನನ್ನು ಉಳಿಸಿಕೊಳ್ಳಲು ಹೇಳುತ್ತಾಳೆ ಎನ್ನುವವರಿದ್ದರು.

ಜೀವ ಹೋದ ಗಾಡಿ ಮತ್ತೆ ಬಾಗಿಲಿಗೆ ಬರಬಾರದು ಎನ್ನುತ್ತಾರೆ ನಮ್ಮವರು. ಇಟ್ಟುಕೊಳ್ಳುವುದಿರಲಿ, ಅದರ ಕಡೆ ಮುಖ ಮಾಡಿಯೂ ನಿಲ್ಲುವುದಿಲ್ಲ. ಠಾಣೆಯವರು ಬಿಟ್ಟ ದಿನವೇ ಅದನ್ನು ಗುಜರಿಗೆ ಎಳೆಸಿಕೊಂಡು ಹೋದೆ. ಅಲ್ಲಿಯೂ ಕಣ್ಣೊರೆಸಿಕೊಳ್ಳುತ್ತ ಚೌಕಾಸಿ ಮಾಡಿದೆ. ಆ ಹೊತ್ತಿನಲ್ಲಿ ನನ್ನ ನಾಲಿಗೆಗೆ ಬೇರೆ ಏನೂ ಬರುತ್ತಿರಲಿಲ್ಲ.

ವರ್ಷಾಂತಿಕದ ಹೊತ್ತಿಗೆ ಭಾವನ ಫೋನಿಗೆ ಕಾರಿನ ಕಂಪನಿಯಿಂದ ಮೆಸೇಜು ಬಂತು. ಆ ಫೋನನ್ನು ಅಕ್ಕ ದಿನವೂ ಚಾರ್ಜಿಗೆ ಹಾಕುತ್ತಿದ್ದಳು. ಆ ಮಾದರಿಯ ಕೆಲವು ಕಾರುಗಳ ಸ್ಟಿಯರಿಂಗಿನಲ್ಲಿ ದೋಷವಿರಬಹುದು, ಗಾಡಿ ತನ್ನಿ, ಪುಕ್ಕಟೆ ಬದಲಿಸಿ ಕೊಡುತ್ತೇವೆ ಎಂದಿತ್ತು. ಅಕ್ಕ ಮೊದಲು ಅತ್ತೆಗೆ ತೋರಿಸಿದಳಂತೆ. "ಫೋನಿನಾಗ ಏನೇನೋ ಬರ್ತಾವ" ಎಂದು ಅವರು ಮುಖ ತಿರುಗಿಸಿದರಂತೆ.

"ತಮ್ಮಾ, ಊರ ಮಂದೀನ್ನ ಮಾತಿನಾಗ ಒಪ್ಪಸ್ತಿ. ಈ ಕಂಪನಿಯವರ ಕಡಿಂದ ಒಂದು ಮಾತು ಬರಸ್ಕೊಂಡು ಬಾ. ಅವರು ನಿದ್ದಿ ಮಾಡಿರ್ಲಿಲ್ಲ ಅಂತ. ಮತ್ತೇನೂ ಬ್ಯಾಡ ನಂಗ."

ಅಬಿಡ್ಸ್ ಕಡೆಯ ಕಂಪನಿಯ ಆಫೀಸಿಗೆ ಹೋದೆ. ಅಲ್ಲಿನ ಅಧಿಕಾರಿ ಕೂರಿಸಿ, ಚಹಾ ತರಿಸಿ, ಸಮಾಧಾನವಾಗಿಯೇ ತಿಳಿಸಿ ಹೇಳಿದ. ಒಂದು ಗಾಡಿ ಕೆಟ್ಟರೆ ಅದನ್ನು ಆ ಗಾಡಿಯ ದೋಷ ಎನ್ನುತ್ತಾರಂತೆ. ಇಡೀ ಮಾದರಿಯದೇ ದೋಷ ಎನ್ನಬೇಕಾದರೆ ಊರೂರಿನ ವರ್ಕ್‌ಶಾಪುಗಳಿಂದ ಬಿಚ್ಚಿದ ಭಾಗಗಳು ಕಾರ್ಖಾನೆಗೆ ಬಂದು ಬೀಳಬೇಕು. ಅದೇ ಭಾಗ, ಅದೇ ಜಾಗದಲ್ಲಿ, ಅದೇ ರೀತಿ ಕೈಕೊಟ್ಟದ್ದು ಮತ್ತೆ ಮತ್ತೆ ಕಾಣಬೇಕು. ಕಾರಣ ಸಿಗಬೇಕು, ಅದನ್ನು ಯಾವ ಯಾವ ಗಾಡಿಗೆ ಹಾಕಿದ್ದೇವೆಂದು ತಿಳಿಯಬೇಕು, ಹೊಸದು ತಯಾರಾಗಬೇಕು. ಗಾಡಿಗಳನ್ನು ವಾಪಸ್ ಕರೆಯುವ ಮಾತು ಆಮೇಲೆ.

"ನಿಮ್ಮ ಗಾಡಿ ಎಲ್ಲಿದೆ?" ಎಂದು ಕೇಳಿದ. ಗುಜರಿಗೆ ಹಾಕಿದೆವು ಎಂದೆ. ಆ ಭಾಗ ನೋಡದೆ ಏನೂ ಬರೆದುಕೊಡಲಾಗದು ಎಂದ. ಹೀಗೂ ಆಗಿರಬಹುದು ಅಂತಾದರೂ ಬರೆಯಿರಿ ಎಂದು ಚೌಕಾಸಿಯಲ್ಲಿ ಇಳಿಯುವಂತೆ ಇಳಿದೆ. ಇನ್ನೂ ಇಳಿದೆ. ಅವನು ಜಾಗ ಬಿಟ್ಟು ಅಲುಗಲಿಲ್ಲ. ನನ್ನ ಬಾಯಿಗೆ ಜಗ್ಗದವರನ್ನು ನೋಡಿದ್ದೇನೆ. ಅವರಿಗೆ ಹೆಚ್ಚು ದುಡ್ಡು ಬೇಕಾಗಿರುತ್ತದೆ. ಇವನಿಗೆ ನನ್ನಿಂದ ಏನೂ ಬೇಕಿರಲಿಲ್ಲ.

ಗುಜರಿಯಲ್ಲಿ ಹುಡುಕಿದೆ. ಕಾರು ಯಾವತ್ತೋ ಕರಗಿ ಹೋಗಿತ್ತು.

ಇದನ್ನು ಓದುವವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಅಪಘಾತವಾದ ಗಾಡಿ ಅಶುಭವೆನಿಸಿದರೆ ಮನೆಗೆ ತರಬೇಡಿ. ಆದರೆ ಕಾರಣ ತಿಳಿಯುವ ತನಕ ಪರಿಚಯದವರ ಶೆಡ್ಡಿನಲ್ಲೋ ಖಾಲಿ ಜಾಗದಲ್ಲೋ ಮುಚ್ಚಿಡಿ. ಬೇಕಾದರೆ ನನ್ನ ಅಂಗಡಿಯ ಹಿಂದೆ ಜಾಗವಿದೆ.

ಬದಲಿಸಬೇಕಾದ ಕಾರು ಇನ್ನೂ ಬಂದಿಲ್ಲವೆಂದು ಕಂಪನಿಯಿಂದ ಕರೆಗಳು ಬರುತ್ತಲೇ ಇದ್ದವು. ಭಾವನ ನಂಬರ್ ಅವರ ಪಟ್ಟಿಯಿಂದ ತೆಗೆಸುತ್ತೇನೆ ಎಂದರೆ ಅಕ್ಕ, "ಬರ್ಲಿ ಬಿಡು, ನಿಮ್ಮ ಭಾವನ್ನ ಕೇಳೋರು ಇನ್ಯಾರದಾರ" ಎಂದಳು.

ಒಂದು ಭಾನುವಾರ ನಾನು ಅಕ್ಕನ ಮನೆಯಲ್ಲಿದ್ದಾಗಲೇ ಕರೆ ಬಂತು. ಅಕ್ಕನ ಕೈಯೆಲ್ಲ ಹಿಟ್ಟು. ಮೊಣಕೈಯ ತುದಿಯಿಂದ ಸ್ಪೀಕರ್ ಒತ್ತಿದಳು. ಅತ್ತೆ ಪಕ್ಕದಲ್ಲೇ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದರು. ಹುಟ್ಟಿದಾಗಿನಿಂದ ಈ ಊರಲ್ಲೇ ಇದ್ದ ಅವರಿಗೆ ತೆಲುಗು ಮನೆಮಾತಿನಷ್ಟೇ ಸಲೀಸು. ಆ ಕಡೆಯ ಹೆಣ್ಣುಮಗಳು ತೆಲುಗಿನಲ್ಲಿ ಬಾಯಿಪಾಠ ಒಪ್ಪಿಸಿದಂತೆ ಹೇಳಿದಳು: ಓಡುತ್ತಿರುವಾಗಲೇ ಸ್ಟಿಯರಿಂಗ್ ಬಿಗಿಯಾಗಿ ತಿರುಗದೇ ಹೋಗಬಹುದು ಮೇಡಂ, ಬದಲಿಸುವವರೆಗೆ ದಯವಿಟ್ಟು ಗಾಡಿ ಓಡಿಸಬೇಡಿ ಎಂದು ಸರ್‌ಗೆ ಹೇಳಿ.

ಅತ್ತೆಯ ಕೈ ಸೊಪ್ಪಿನಲ್ಲೇ ನಿಂತಿತು.

"ಇನ್ನೊಮ್ಮೆ ಹೇಳಂತ ಹೇಳು ಆಕಿಗೆ."

ಅವಳು ಇನ್ನೊಮ್ಮೆ ಹೇಳಿದಳು. ಅಕ್ಕ ಆಯಿತು ಎಂದಳು, ಕರೆ ನಿಂತಿತು. ಅತ್ತೆ ಬಿಡಿಸಿದ ಎಲೆಗಳನ್ನೂ ಕಡ್ಡಿಗಳನ್ನೂ ಒಂದೇ ತಟ್ಟೆಗೆ ಹಾಕಿದರು. ಅಕ್ಕನ ಕಡೆ ನೋಡದೆಯೇ ಕೇಳಿದರು:

"ಎರಡೂ ಕೈಲೆ ತಿರುವಿದ್ನಾ ಅವಾ?"

"ತಿರುವಿದ್ರು, ಅತ್ತೀ."